ಇನ್ಸ್‌ಪೆಕ್ಟರ್ ಕ್ರಾಮೆಲ್ ಅವರ ದನಿ ಮಾತ್ರ

ಫಿನ್ನಿಶ್ ನಾಡಿನ ಪಿಯೆಕ್ಸಾಮಾಕಿ ಊರಿನಲ್ಲಿ ಎನ್ಸಿಯೊ ಪುಲ್ಕಿನೆನ್ ಅವರ ಕೈಯಲ್ಲಿ ಒಮ್ಮೆಯೂ ಫೇಲಾಗದೆ ಉಳಿದವರೆಂದರೆ ತೊಟ್ಟಿಲ ಕೂಸುಗಳು ಮತ್ತು ಊರಿನ ಪಾದ್ರಿ. ಪಾದ್ರಿಗಳು ಸೈಕಲ್ಲಿನಲ್ಲಿ ಓಡಾಡುತ್ತಿದ್ದರು. ನಿವೃತ್ತರಾಗುವವರೆಗೂ ಪುಲ್ಕಿನೆನ್ ಅವರ ಕೆಲಸ ಕಾರಿನ ಲೈಸೆನ್ಸ್ ಪರೀಕ್ಷೆ ನಡೆಸುವುದು. ಪಕ್ಕದ ಸೀಟಿನಲ್ಲಿ ಕೂತು "ಮುಂದಿನ ತಿರುವಿನಲ್ಲಿ ಬಲಕ್ಕೆ", "ಇಲ್ಲಿ ನಿಲ್ಲಿಸಿ", "ಇಳಿಯಬಹುದು" ಎನ್ನುವುದನ್ನು ಬಿಟ್ಟು ಅವರು ಹೆಚ್ಚೇನೂ ಆಡಿದವರಲ್ಲ. ಮನೆಗೆ ಬಂದರೆ ಅಷ್ಟನ್ನೂ ಆಡುತ್ತಿರಲಿಲ್ಲ. ಆ ಸೀಮೆಯಲ್ಲಿ ಇದು ಗಂಡಸಿನ ದೋಷವೆಂದು ಯಾರೂ ಎಣಿಸುವುದಿಲ್ಲ. ಹೆಂಡತಿ ಮಾರ್ಕೆತ್ತಾ ಕೂಡ ಎಣಿಸಿರಲಿಲ್ಲ.

ಅವರು ಫೇಲು ಮಾಡಿದವರಲ್ಲಿ ಲೆಂಪಿಯಮ್ಮ ಎಂಬವರೂ ಒಬ್ಬರು. ಎಡಕ್ಕೆ ತಿರುಗಿ ಎಂದಾಗ ಆಕೆ ಎಡಕ್ಕೇ ತಿರುಗಿದ್ದರು, ಆದರೆ ದೀಪ ಮಿನುಗಿಸಿರಲಿಲ್ಲ. "ಇಳಿಯಬಹುದು" ಎಂದರು ಪುಲ್ಕಿನೆನ್. ಮುಂದಿನ ಭಾನುವಾರ ಲೆಂಪಿಯಮ್ಮನ ಮಗಳು ಮಾರ್ಕೆತ್ತಾ ತಾನು ಮದುವೆಯಾಗಲಿರುವ ಹುಡುಗನನ್ನು ಮನೆಗೆ ಕರೆತಂದಳು. ಲೆಂಪಿಯಮ್ಮ ಬಾಗಿಲು ತೆಗೆದು, ಹುಡುಗನನ್ನು ಮೇಲಿಂದ ಕೆಳಗೆ ನೋಡಿ, "ಇಳಿಯಬಹುದು ಅಂದ್ರಲ್ಲ, ನೀವೇ ಅಲ್ವಾ" ಎಂದು ಕೇಳಿ ಕಾಫಿ ಕೊಟ್ಟರು. ಆಮೇಲೆ ಆಕೆ ಪರೀಕ್ಷೆಗೆ ಕೂರಲೇ ಇಲ್ಲ. ಅಳಿಯನ ಬಳಿ ಒಂದು ಸಹಾಯವನ್ನೂ ಕೇಳಲಿಲ್ಲ. ಗೋಡೆಗೆ ಮೊಳೆ ಹೊಡೆಯಬೇಕಾದರೂ ಮಗ ಕಲೇವಿಯೇ ದೂರದ ಬಡಾವಣೆಯಿಂದ ಬರಬೇಕು. ಮೇಲಿನ ಮಹಡಿಯಲ್ಲೇ ಇದ್ದ ಅಳಿಯ ಆ ಸದ್ದನ್ನು ಕೇಳುತ್ತ ಕೂರಬೇಕು.

ಹೀಗಿರುವಾಗ ಲೆಂಪಿಯಮ್ಮನಿಗೆ ಕಣ್ಣು ಮಂಜಾಯಿತು. ಮುಪ್ಪಿನಲ್ಲಿ ಬರುವ ಮಂಜು, ಔಷಧಿಗೆ ಬಗ್ಗುವಂಥದ್ದಲ್ಲ. ಆಕೆ ಅದಕ್ಕೂ ಅಷ್ಟಾಗಿ ಕೊರಗಲಿಲ್ಲ. ಕೊರಗಿದ್ದು ಇನ್ಸ್‌ಪೆಕ್ಟರ್ ಕ್ರಾಮೆಲ್ ಅವರಿಗಾಗಿ. ಕ್ರಾಮೆಲ್ ಎಂದರೆ ಟೀವಿಯ ಜರ್ಮನ್ ಪತ್ತೇದಾರಿ ಧಾರಾವಾಹಿಯ ನಾಯಕ. ಮಳೆಯಂಗಿ ತೊಟ್ಟು, ಹ್ಯಾಂಬರ್ಗಿನ ಕೊಲೆಗಾರರ ಮನೆಗೆ ಹೋಗಿ, ಅವರು ತಾವಾಗಿ ಒಪ್ಪಿಕೊಳ್ಳುವವರೆಗೆ ಸುಮ್ಮನೆ ಕೂತಿರುವ ಮನುಷ್ಯ. ಗಂಡ ತೀರಿಕೊಂಡಾಗಿನಿಂದ ಲೆಂಪಿಯಮ್ಮನ ಸಂಜೆಗಳೆಲ್ಲ ಕ್ರಾಮೆಲ್ ಜೊತೆಗೇ ಕಳೆದಿದ್ದವು. ಧಾರಾವಾಹಿ ನಿಂತ ಮೇಲೆ ಹಳೆ ಸಾಮಾನಿನ ಸಂತೆಯಲ್ಲಿ ಅದರ ಡಿಸ್ಕುಗಳು ಪೆಟ್ಟಿಗೆಗಟ್ಟಲೆ ಸಿಕ್ಕಿದ್ದರಿಂದ ಸಂಬಂಧ ಮುರಿಯದೆ ಉಳಿದಿತ್ತು.

ಒಂದು ಭಾನುವಾರ ಎಲ್ಲರೂ ಲೆಂಪಿಯಮ್ಮನ ಮನೆಯಲ್ಲಿ ಕಾಫಿಗೆ ಕೂತಿದ್ದರು.

"ಚಿತ್ರ ಕಾಣದಿದ್ರೆ ಹೋಗಲಿ," ಎಂದರು ಲೆಂಪಿಯಮ್ಮ. "ಈಗೀಗ ಅವನ ಮಾತೂ ತಿಳಿಯೋದಿಲ್ಲ. ಏನೋ ಗೊಣಗ್ತಾನೆ. ಮೊದಲು ಎಷ್ಟು ಚೆನ್ನಾಗಿ ಮಾತಾಡ್ತಿದ್ದ."

"ಟೀವಿ ಹಳೇದಾಯ್ತಮ್ಮ," ಎಂದ ಕಲೇವಿ. "ಒಂದು ರೇಡಿಯೊ ತಂದುಕೊಡ್ತೀನಿ."

"ರೇಡಿಯೊದಲ್ಲಿ ಕ್ರಾಮೆಲ್ ಬರ್ತಾನಾ?"

ಕಲೇವಿ ದಾಲ್ಚಿನ್ನಿ ಬನ್ನು ಕಚ್ಚಿದ. ಆಗ ಎನ್ಸಿಯೊ ಪುಲ್ಕಿನೆನ್ ಬಾಯಿ ತೆರೆದರು.

"ಒಂದೇ ತಟ್ಟೇಲಿ ಚಿತ್ರ, ದನಿ ಎರಡನ್ನೂ ತುರುಕಿರ್ತಾರೆ ಅತ್ತೆ. ಚಿತ್ರದ ಭಾರಕ್ಕೆ ದನಿ ಅಮುಕಿಹೋಗಿದೆ. ಚಿತ್ರ ಬಿಟ್ಟು ದನಿ ಮಾತ್ರ ಕಿತ್ತು ತೆಗೆದರೆ ಸ್ಪಷ್ಟ ಆಗುತ್ತೆ. ನಾನು ತೆಗೆದುಕೊಡ್ತೀನಿ. ನಿಮ್ಮ ಹೆಸರಿನ ದಿನಕ್ಕೆ."

ಅವರು ಆ ಮನೆಯಲ್ಲಿ ಆಡಿದ ಅತಿ ಉದ್ದದ ಮಾತು ಅದು. ಮಾರ್ಕೆತ್ತಾ ಚಮಚ ಕೆಳಗಿಟ್ಟರು. ಲೆಂಪಿಯಮ್ಮ ಮಂಜುಗಣ್ಣುಗಳನ್ನು ದನಿ ಬಂದ ದಿಕ್ಕಿಗೆ ತಿರುಗಿಸಿದರು.

"ನಿನಗಾಗುತ್ತಾ, ಅಳಿಯ?"

"ಆಗುತ್ತೆ."

"ನೋಡೋಣ," ಎಂದರು ಲೆಂಪಿಯಮ್ಮ. "ನಾನಂತೂ ಕಾಯ್ತೀನಿ. ಬೇರೆ ಕೆಲಸ ಏನಿದೆ ನನಗೆ."

ಕಾಯುತ್ತೇನೆ ಎಂದು ಆಕೆ ಅಳಿಯನಿಗೆ ಹಿಂದೆಂದೂ ಹೇಳಿದವರಲ್ಲ. ಪುಲ್ಕಿನೆನ್ ಅವರು ಕಿವಿ ಕೆಂಪಗಾಗಿಸಿಕೊಂಡು ಮೇಲಿನ ಮಹಡಿಗೆ ಹತ್ತಿದರು.

ಮರುದಿನದಿಂದಲೇ ಕೆಲಸ ಸುರುವಾಯಿತು. ಕಂಪ್ಯೂಟರಿನ ತಟ್ಟೆ ಹೊರಗೆ ಬರುವುದು, ಡಿಸ್ಕನ್ನು ನುಂಗುವುದು, ಗುರ್ರೆನ್ನುವುದು, ಉಗುಳುವುದು. ಪರದೆಯ ಮೇಲೆ ಪ್ರತಿ ಡಿಸ್ಕಿಗೂ ಚಿತ್ರ, ದನಿ, ಅಡಿಬರಹ ಎಂಬ ಮನೆಗಳು ಕಾಣಿಸುತ್ತಿದ್ದವು. ಬೇಕಾದುದಕ್ಕೆ ಗುರುತು ಹಾಕಬೇಕು, ಬೇಡವಾದುದರ ಗುರುತು ತೆಗೆಯಬೇಕು. ಪುಲ್ಕಿನೆನ್ ಅವರು ಮೊದಲು ಚಿತ್ರದ ಗುರುತು ತೆಗೆದರು. ಅಡಿಬರಹದ ಗುರುತನ್ನು, ಕಣ್ಣು ಕಾಣದವರಿಗೆ ಅಕ್ಷರ ಯಾಕೆ ಎಂದು ಇನ್ನಷ್ಟು ಖುಷಿಯಿಂದ ತೆಗೆದರು. ದನಿಯೊಂದೇ ಉಳಿಯಿತು. ಹಾಗೆ ಕಿತ್ತ ದನಿಯನ್ನೆಲ್ಲ ಬೆಂಕಿಪೊಟ್ಟಣದಷ್ಟು ಪುಟ್ಟ ಯಂತ್ರವೊಂದಕ್ಕೆ ತುಂಬಿ, ಅದರ ಒತ್ತುಗುಂಡಿಯ ಮೇಲೆ ಲೆಂಪಿಯಮ್ಮನ ಬೆರಳಿಗೆ ತಿಳಿಯಲೆಂದು ಒಂದು ಅಂಗಿಯ ಗುಂಡಿಯನ್ನು ಅಂಟಿಸಿದರು.

"ಒಂದ್ಸಲ ಕೇಳಿ ನೋಡಿದ್ಯಾ?" ಎಂದರು ಮಾರ್ಕೆತ್ತಾ.

"ಅತ್ತೆಗೆ ಅಂತ ಇಟ್ಟ ಉಡುಗೊರೆ. ಮೊದಲು ಅವರೇ ಕೇಳಬೇಕು."

ಅಲ್ಲಿನ ಪಂಚಾಂಗದಲ್ಲಿ ಒಂದೊಂದು ಹೆಸರಿಗೂ ಒಂದೊಂದು ಹಬ್ಬದ ದಿನ; ಲೆಂಪಿ ಎಂದು ಅಚ್ಚಾಗಿದ್ದ ದಿನ ಬಂತು. ಕೇಕು ಬಂತು, ಕಲೇವಿ ಬಂದ, ಕಟ್ಟಡದ ವಸತಿ ಸಂಘದ ಅಧ್ಯಕ್ಷೆ ಇರ್ಮೆಲಿ ಹೂ ಹಿಡಿದು ಬಂದರು. ಲೆಂಪಿಯಮ್ಮ ಕೂದಲು ಬಾಚಿ, ಒಳ್ಳೆಯ ಕುಪ್ಪಸ ತೊಟ್ಟು, ಕ್ರಾಮೆಲ್ ಎದುರು ಕೂರುವ ಕುರ್ಚಿಯಲ್ಲಿ ಕೂತರು. ಬೆರಳಿಗೆ ಗುಂಡಿ ಸಿಕ್ಕಿತು. ಒತ್ತಿದರು.

ಕಾರಿನ ಬಾಗಿಲು ಬಡಿದ ಸದ್ದು. ಮಳೆ. ಹೆಜ್ಜೆ. ಆಮೇಲೆ ಒಬ್ಬ ಗಂಡಸು ಜರ್ಮನ್ ಭಾಷೆಯಲ್ಲಿ ಮಾತಾಡಿದ. ಇನ್ನೊಬ್ಬ ಜರ್ಮನ್ ಭಾಷೆಯಲ್ಲಿ ಉತ್ತರ ಕೊಟ್ಟ.

ಎಲ್ಲರೂ ಕೇಕು ತಿನ್ನುತ್ತ ಹೋದರು. ಆ ಊರಲ್ಲಿ ಮರ್ಯಾದಸ್ಥರು ಮೊದಲು ಕೇಕು ಮುಗಿಸುತ್ತಾರೆ.

"ಇದು ಜರ್ಮನ್," ಎಂದ ಕೊನೆಗೆ ಕಲೇವಿ.

"ಇದು ಕ್ರಾಮೆಲ್ ಅಲ್ಲ," ಎಂದರು ಲೆಂಪಿಯಮ್ಮ. "ಕ್ರಾಮೆಲ್ ಫಿನ್ನಿಶ್ ಮಾತಾಡ್ತಾನೆ."

"ಮತ್ತೆ," ಎಂದರು ಇರ್ಮೆಲಿ. "ನಾನೂ ಅಷ್ಟು ವರ್ಷ ನೋಡಿದ್ದೀನಲ್ಲ. ಎಷ್ಟು ಸ್ವಚ್ಛವಾದ ಫಿನ್ನಿಶ್."

"ಬೇರೆ ದನಿ ಬಂದುಬಿಟ್ಟಿದೆ," ಎಂದರು ಪುಲ್ಕಿನೆನ್. "ಡಿಸ್ಕಲ್ಲಿ ಇನ್ನೊಂದು ದನಿ ಇದೆ. ಅದನ್ನ ತೆಗೀತೀನಿ."

ಲೆಂಪಿಯಮ್ಮ ಯಂತ್ರವನ್ನು ಹಿಂದಕ್ಕೆ ಚಾಚಿದರು. "ಆಗದಿದ್ರೆ ಆಗೋದಿಲ್ಲ ಅಂತ ಹೇಳಿಬಿಡು, ಅಳಿಯ. ನನಗೇನೂ ಬೇಜಾರಿಲ್ಲ."

ಬೇಜಾರಿಲ್ಲ ಎಂದವರು ಕುಪ್ಪಸದ ಮೇಲಿನ ಗುಂಡಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಡಿಸ್ಕಿನಲ್ಲಿ ಇನ್ನೊಂದು ದನಿ ಇದ್ದುದೇನೋ ನಿಜ. ಪುಲ್ಕಿನೆನ್ ಅವರು ಅದನ್ನೂ ಕಿತ್ತರು, ತುಂಬಿದರು, ಕೆಳಗಿಳಿದು ಅತ್ತೆಯ ಕೈಗೆ ಕೊಟ್ಟರು. ಈ ಸಲ ಮಳೆ ಬಿತ್ತು, ಹೆಣ ಸಿಕ್ಕಿತು, ಹೆಣದ ಮೇಲೆ ಇಬ್ಬರು ಜರ್ಮನ್ ಗಂಡಸರು ಮನಸಾರೆ ನಗುತ್ತ ಹರಟೆ ಹೊಡೆದರು. ಸತ್ತವನ ಹೆಂಡತಿ ಗೋಳಾಡಿದಳು, ಅವರು ಇನ್ನೂ ನಕ್ಕರು. ಅವರು ಆ ಧಾರಾವಾಹಿ ಮಾಡಿದವರೇ, ಚಿತ್ರೀಕರಣದ ನೆನಪುಗಳನ್ನು ಹೇಳಿಕೊಳ್ಳುತ್ತಿದ್ದಾರೆ ಎಂಬುದು ಆ ಕೋಣೆಯಲ್ಲಿ ಯಾರಿಗೂ ಹೊಳೆಯುವಂತಿರಲಿಲ್ಲ.

"ಹೆಣದ ಮುಂದೆ ನಗ್ತಿದಾರಲ್ಲ, ಯಾರಿವರು?"

"ಗೊತ್ತಿಲ್ಲ ಅತ್ತೆ."

"ಕ್ರಾಮೆಲ್ ಇದ್ದಿದ್ರೆ ಒದ್ದು ಓಡಿಸ್ತಿದ್ದ. ನಿಲ್ಲಿಸು."

ಪುಲ್ಕಿನೆನ್ ಅವರು ಒಂದು ಪೆಟ್ಟಿಗೆ ಡಿಸ್ಕು ಎತ್ತಿಕೊಂಡು ಊರಿನ ಗ್ರಂಥಾಲಯಕ್ಕೆ ಹೋದರು. ಅಲ್ಲಿನ ಗ್ರಂಥಪಾಲಕಿ ಒಯಿಲಿ ಪೆಟ್ಟಿಗೆಯ ಬೆನ್ನನ್ನು ಓದಿ, ಕನ್ನಡಕ ಸರಿಪಡಿಸಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು:

"ಇದರಲ್ಲಿ ಫಿನ್ನಿಶ್ ದನಿ ಇಲ್ಲ."

"ಹಳೆ ಸಾಮಾನಿನ ಸಂತೇಲಿ ಕೊಂಡಿದ್ದು. ಯಾರೋ ತೆಗೆದುಬಿಟ್ಟಿರಬೇಕು."

"ತೆಗೆದಿಲ್ಲ. ಯಾವತ್ತೂ ಇರಲಿಲ್ಲ."

"ನಾನೇ ಕೇಳಿದ್ದೀನಿ."

"ಯಾರೂ ಕೇಳಿಲ್ಲ, ಪುಲ್ಕಿನೆನ್ ಅವರೇ."

ಒಯಿಲಿ ಸತ್ಯವನ್ನೇ ಹೇಳಿದರು. ಆದರೆ ಹಿಂದೊಮ್ಮೆ ಹಿಮದಲ್ಲಿ ಕಾರು ಜಾರಿಸಿ ಫೇಲಾದ ಆಕೆ ಹಳೆಯ ಸೇಡು ತೀರಿಸಿಕೊಳ್ಳುತ್ತಿದ್ದಾರೆಂದು ಪುಲ್ಕಿನೆನ್ ಅವರಿಗೆ ಅನ್ನಿಸಿತು. ಅಷ್ಟರಲ್ಲಿ ಪತ್ರಿಕೆ ಓದುತ್ತಿದ್ದ ಇರ್ಮೆಲಿ ಎದ್ದು ಬಂದರು.

"ಏನು ಒಯಿಲಿ, ಕ್ರಾಮೆಲ್ ಫಿನ್ನಿಶ್ ಮಾತಾಡಲಿಲ್ವಾ? ಅದೂ ನಮ್ಮ ತುರ್ಕು ಊರಿನ ಕಡೆಯ ಮಾತು. ನನ್ನ ತವರಿನ ಮಾತು ನನಗೆ ಗೊತ್ತಾಗಲ್ವಾ?"

ಮೀನು ಹಿಡಿಯುವ ಪುಸ್ತಕ ಹುಡುಕುತ್ತಿದ್ದ ಕಲೇವಿ ಕಪಾಟಿನ ಹಿಂದಿನಿಂದ ತಲೆ ಹೊರಹಾಕಿದ. "ತುರ್ಕು ಅಂತೆ. ಅವನು ಮಾತಾಡ್ತಿದ್ದುದು ಅಪ್ಪಟ ಸಾವೊ, ನಮ್ಮ ಸೀಮೆಯ ಮಾತು. ನಮ್ಮ ಅಮ್ಮ ಬೇರೆ ಸೀಮೆಯವನ ಮಾತನ್ನ ಒಂದು ವಾರವೂ ಕೇಳೋಳಲ್ಲ."

"ಸಾವೊ ಮಾತಾಡಿದ್ರೆ ಕೊಲೆಗಾರ ಯಾರು ಅಂತ ಕೊನೇವರೆಗೂ ಗೊತ್ತೇ ಆಗ್ತಿರಲಿಲ್ಲ," ಎಂದರು ಇರ್ಮೆಲಿ. "ನೀವು ಒಂದು ಹೌದು ಹೇಳೋಕೆ ಅರ್ಧ ದಿನ ತಗೋತೀರ."

"ಹೇಳಬಹುದು, ಹೇಳದೆಯೂ ಇರಬಹುದು," ಎಂದ ಕಲೇವಿ.

ಆ ಗ್ರಂಥಾಲಯ ಕಂಡ ಅತಿ ಘೋರ ಜಗಳ ಅದು. ಎಲ್ಲವೂ ಪಿಸುದನಿಯಲ್ಲಿ ನಡೆಯಿತು. ಒಬ್ಬರು ಆಡಿದ ಮೇಲೆ ಇನ್ನೊಬ್ಬರು ಸಾಕಷ್ಟು ಹೊತ್ತು ಕಿಟಕಿ ನೋಡಿ ಉತ್ತರ ಕೊಟ್ಟರು. ಆದರೂ ಹೊರಡುವಾಗ ಇಬ್ಬರೂ ಪರಸ್ಪರ ತಲೆ ಬಾಗಿಸಿ ಬೀಳ್ಕೊಳ್ಳಲಿಲ್ಲ. ಆ ಸೀಮೆಯಲ್ಲಿ ಅದು ಕತ್ತಿಗೆ ಕೈ ಹಾಕಿದ್ದಕ್ಕೆ ಸಮ.

"ಬಾ ಭಾವ," ಎಂದ ಕಲೇವಿ. "ಟೀವಿಯಲ್ಲೇ ಹಾಕಿ ನೋಡಿಬಿಡೋಣ. ಸಾವೊ ಅಂತ ಸಾಬೀತಾದ್ರೆ ಆ ಹೆಂಗಸಿಗೆ ಫೋನ್ ಮಾಡ್ತೀನಿ."

ಪುಲ್ಕಿನೆನ್ ಅವರ ಮನೆಯಲ್ಲಿ ಇಬ್ಬರೂ ಟೀವಿಯ ಮುಂದೆ ಕೂತರು. ಮಾರ್ಕೆತ್ತಾ ಕಾಫಿಗೆಂದು ಅಡುಗೆಮನೆಗೆ ಹೋದರು. ಡಿಸ್ಕು ತಿರುಗಿತು. ಮಳೆಯಂಗಿ ತೊಟ್ಟ ಕ್ರಾಮೆಲ್ ಮೆಟ್ಟಿಲು ಹತ್ತಿ ಬಾಗಿಲು ಬಡಿದರು.

"ಕೇಳಿದ್ಯಾ?" ಎಂದ ಕಲೇವಿ. "'ಒಳಗೆ ಬರಬಹುದಾ' ಅಂದ. ಅಪ್ಪಟ ಸಾವೊ."

"ಹೂಂ," ಎಂದರು ಪುಲ್ಕಿನೆನ್. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿತ್ತು. "ಇಲ್ಲೇ ಇದೆಯಲ್ಲ ದನಿ."

"ಯಾಕ್ರಪ್ಪ ಜರ್ಮನ್ ಹಾಕಿದ್ದೀರಿ?" ಎಂದು ಅಡುಗೆಮನೆಯಿಂದ ಮಾರ್ಕೆತ್ತಾ ಕೇಳಿದರು.

"ಯಾವ ಜರ್ಮನ್ ಅಕ್ಕ? ಫಿನ್ನಿಶ್ ಬರ್ತಿದೆ."

ಮಾರ್ಕೆತ್ತಾ ಕಾಫಿ ಚಮಚ ಹಿಡಿದೇ ಬಾಗಿಲಿಗೆ ಬಂದು ಟೀವಿ ನೋಡಿದರು. "ಹೌದಲ್ಲ. ಈಗ ಫಿನ್ನಿಶ್." ಒಳಗೆ ಹೋದರು. "ನೋಡಿ, ಮತ್ತೆ ಜರ್ಮನ್ ಮಾಡಿದ್ರಿ."

"ಏನೂ ಮಾಡಿಲ್ಲ ಅಕ್ಕ."

ಮಾರ್ಕೆತ್ತಾ ಮತ್ತೆ ಬಾಗಿಲಿಗೆ ಬಂದರು. ಫಿನ್ನಿಶ್. ಒಂದು ಹೆಜ್ಜೆ ಹಿಂದೆ ಸರಿದರು. ಜರ್ಮನ್. ಮುಂದೆ ಬಂದರು. ಫಿನ್ನಿಶ್. ಚಮಚದಲ್ಲಿದ್ದ ಪುಡಿಯೆಲ್ಲ ಹೊಸ್ತಿಲ ಮೇಲೆ ಚೆಲ್ಲಿತು. ಎನ್ಸಿಯೊ ಪುಲ್ಕಿನೆನ್ ಅವರು ಹೆಂಡತಿಯನ್ನು ನೋಡಿದರು, ಟೀವಿಯನ್ನು ನೋಡಿದರು, ನಿಧಾನವಾಗಿ ಕಣ್ಣು ಮುಚ್ಚಿದರು. ಹ್ಯಾಂಬರ್ಗಿನ ಮನೆಯೊಳಗೆ ಜರ್ಮನರು ಜರ್ಮನ್ ಮಾತಾಡುತ್ತಿದ್ದರು. ಕಣ್ಣು ತೆರೆದರು. ಪರದೆಯ ಕೆಳಗೆ ಬಿಳಿಯ ಅಕ್ಷರಗಳು ಮೂಡಿ ಮಾಯವಾಗುತ್ತಿದ್ದವು, ಊರಿಗೆ ಟೀವಿ ಬಂದ ದಿನದಿಂದ ಮೂಡುತ್ತಿದ್ದ ಹಾಗೆಯೇ. ಈ ದೇಶದಲ್ಲಿ ದೊಡ್ಡವರ ಕತೆಗಳಿಗೆ ಯಾರೂ ಬೇರೆ ದನಿ ಕೊಡುವುದಿಲ್ಲ, ಅಡಿಯಲ್ಲಿ ಬರೆದು ತೋರಿಸುತ್ತಾರೆ. ಇದು ಎಲ್ಲರಿಗೂ ಗೊತ್ತು. ಎಷ್ಟು ಗೊತ್ತೆಂದರೆ, ಓದುತ್ತಿದ್ದೇವೆ ಎಂಬುದೇ ಯಾರಿಗೂ ನೆನಪಿರಲಿಲ್ಲ.

ಕಾಫಿ ಉಕ್ಕಿತು. ಯಾರೂ ಏಳಲಿಲ್ಲ.

"ಹಾಗಾದ್ರೆ ಇಷ್ಟು ವರ್ಷ ಆ ಮನುಷ್ಯ ನಮಗೆ ಒಂದು ಮಾತೂ ಆಡಿಲ್ಲ," ಎಂದ ಕಲೇವಿ. ಆಮೇಲೆ, "ಇರ್ಮೆಲಿಗೆ ಹೇಳಬೇಡಿ" ಎಂದ.

"ಅಮ್ಮನಿಗೆ ಹೇಗೆ ಹೇಳೋದು?" ಎಂದರು ಮಾರ್ಕೆತ್ತಾ. "ನಿನ್ನ ಕ್ರಾಮೆಲ್ ಬರೀ ಅಕ್ಷರ ಅಂತಲಾ?"

"ಬಿಟ್ಟುಬಿಡು ಭಾವ. ರೇಡಿಯೊ ತಂದುಕೊಡ್ತೀನಿ. ಇಲ್ಲದ ದನೀನ ಎಲ್ಲಿಂದ ಕೀಳ್ತೀಯ?"

ಪುಲ್ಕಿನೆನ್ ಅವರು ಎದ್ದು ಒಲೆ ಆರಿಸಿದರು. "ಮಾತು ಕೊಟ್ಟಿದ್ದೀನಿ," ಎಂದರು. ಅವರ ಮಟ್ಟಿಗೆ ಅದು ಭಾಷಣ.

ದನಿ ಇಲ್ಲದಿದ್ದರೆ ಹಾಕಬೇಕು. ಜರ್ಮನ್ ದನಿಯನ್ನು ತಗ್ಗಿಸಿ, ಅಡಿಬರಹವನ್ನೆಲ್ಲ ಅದರ ಮೇಲೆ ಗಟ್ಟಿಯಾಗಿ ಓದಿ, ಎರಡನ್ನೂ ಸೇರಿಸಿ ತುಂಬಬೇಕು. ಜರ್ಮನ್ನನ್ನು ಪೂರ್ತಿ ತೆಗೆದರೆ ಮಳೆ, ನಾಯಿ, ಗುಂಡಿನ ಸದ್ದು ಎಲ್ಲವೂ ಹೋಗುತ್ತವೆ, ಅದಕ್ಕೇ ತಗ್ಗಿಸಿದರೆ ಸಾಕು. ಯೋಜನೆ ಸರಿಯಾಗಿತ್ತು, ಜಾಗವೊಂದು ಬೇಕಿತ್ತು. ಮನೆಯ ಗೋಡೆಗಳು ತೆಳು. ಕೆಳಗೆ ಅತ್ತೆಗೆ ಕೇಳಿಸಿಬಿಟ್ಟರೆ ಕತೆ ಮುಗಿಯಿತು. ಇಡೀ ಕಟ್ಟಡದಲ್ಲಿ ಸದ್ದು ಹೊರಗೆ ಹೋಗದ, ಯಾರೂ ಒಳಗೆ ನುಗ್ಗದ ಸ್ಥಳ ಒಂದೇ: ನೆಲಮಾಳಿಗೆಯ ಸೌನಾ, ಕಲ್ಲು ಕಾಯಿಸುವ ಒಲೆಯುಳ್ಳ, ಎಲ್ಲರಿಗೂ ಸೇರಿದ ಮರದ ಹಬೆಕೋಣೆ. ಪ್ರತಿ ಮನೆಗೂ ಅಲ್ಲಿ ವಾರಕ್ಕೊಮ್ಮೆ ತನ್ನ ಪಾಳಿ ಇರುತ್ತದೆ. ಒಬ್ಬರ ಪಾಳಿಯಲ್ಲಿ ಇನ್ನೊಬ್ಬರು ಬಾಗಿಲು ತಟ್ಟುವುದೆಂದರೆ ಚರ್ಚಿನಲ್ಲಿ ಪಾದ್ರಿಯ ಮಾತಿಗೆ ಅಡ್ಡ ಬಾಯಿ ಹಾಕಿದ ಹಾಗೆ.

ಪಾಳಿ ಬಂದಾಗ ಪುಲ್ಕಿನೆನ್ ಅವರು ಒಲೆ ಆರಿಸಿ, ಸ್ವೆಟರು ತೊಟ್ಟು, ಮೇಲಿನ ಹಲಗೆಯಲ್ಲಿ ಕೂತರು. ಮಗುಚಿದ ನೀರಿನ ಬಕೆಟ್ಟಿನ ಮೇಲೆ ಕಂಪ್ಯೂಟರು ಇಟ್ಟರು. ಅವರಿಗೆ ಬರುತ್ತಿದ್ದುದು ಪರೀಕ್ಷಕರ ದನಿ ಒಂದೇ. ಕ್ರಾಮೆಲ್, ಕೊಲೆಗಾರ, ವಿಧವೆ, ಹೂಮಾರುವ ಮುದುಕಿ ಎಲ್ಲರಿಗೂ ಅದನ್ನೇ ಸಮನಾಗಿ ಹಂಚಿದರು. ಒಂದು ಸಂಚಿಕೆ ಕೇಳಿಸಿಕೊಂಡ ಕಲೇವಿ, "ನಿಮ್ಮನ್ನ ಬಂಧಿಸಿದ್ದೇನೆ ಅಂತ ನೀನಂದಾಗ ನನ್ನ ಕಾಲು ತಾನಾಗಿ ಬ್ರೇಕ್ ಹುಡುಕ್ತು ಭಾವ" ಎಂದ. ಪುಲ್ಕಿನೆನ್ ಅವರು ಅದನ್ನು ಹೊಗಳಿಕೆಯಾಗಿ ತೆಗೆದುಕೊಂಡು ಮುಂದಿನ ಪಾಳಿಗೆ ಮತ್ತೆ ಇಳಿದರು.

ಆ ವಾರ ಅವರ ನಂತರದ ಪಾಳಿ ಇರ್ಮೆಲಿ ಅವರದು. ಆಕೆ ಟವೆಲ್ಲು, ಹಬೆಯಲ್ಲಿ ಮೈಗೆ ಬಡಿದುಕೊಳ್ಳುವ ಬರ್ಚ್ ಎಲೆಯ ಕಟ್ಟು ಹಿಡಿದು ಸ್ವಲ್ಪ ಮುಂಚೆಯೇ ಬಂದು ಹೊರಗಿನ ಬೆಂಚಿನಲ್ಲಿ ಕೂತರು. ಬಾಗಿಲಿನ ಸಂದಿಯಿಂದ ದನಿ ಬಂತು.

"ನಾನೇ ಕೊಂದೆ. ಕುತ್ತಿಗೆಗೆ ಶಾಲು ಬಿಗಿದೆ. ಅವಳು ಸದ್ದು ಮಾಡಲಿಲ್ಲ. ಹೆಣ ಕೆರೆಯಲ್ಲಿದೆ."

ಆಮೇಲೆ ಅದೇ ದನಿ, ಅದೇ ಧಾಟಿ: "ಇನ್ನೊಂದು ಲೋಟ ಕಾಫಿ ಕುಡೀತೀರಾ?"

ಇರ್ಮೆಲಿ ಟವೆಲ್ಲನ್ನು ಎದೆಗೆ ಒತ್ತಿಕೊಂಡು ಫೋನ್ ತೆಗೆದರು. ಪೊಲೀಸ್ ಠಾಣೆಯ ಹೆಂಗಸು ಶಾಂತವಾಗಿ ವಿಚಾರಿಸಿದಳು.

"ತಪ್ಪೊಪ್ಪಿಕೊಂಡವರು ಈಗ ಎಲ್ಲಿದ್ದಾರೆ?"

"ಸೌನಾದಲ್ಲಿ."

"ಅವರ ಪಾಳಿ ಮುಗಿದಿದೆಯಾ?"

"ಇಲ್ಲ. ಇನ್ನೂ ಸ್ವಲ್ಪ ಹೊತ್ತಿದೆ."

"ಹಾಗಾದ್ರೆ ಹೊರಗೆ ಬಂದ ಮೇಲೆ ಫೋನ್ ಮಾಡಿ."

ಇರ್ಮೆಲಿ ಅವರಿಗೂ ಅದೇ ಸರಿ ಕಂಡಿತು. ಒಳಗೆ ಗುಂಡು ಹಾರಿತು, ನಾಯಿ ಬೊಗಳಿತು, ಆಕೆ ಗೋಡೆಯ ಗಡಿಯಾರ ನೋಡುತ್ತ ಕೂತರು. ಸರಿಯಾದ ಹೊತ್ತಿಗೆ ಬಾಗಿಲು ತೆರೆದು ಸ್ವೆಟರು ತೊಟ್ಟ ಕೊಲೆಗಾರ ಬಕೆಟ್ಟು ಹಿಡಿದು ಹೊರಬಂದರು.

"ಪುಲ್ಕಿನೆನ್ ಅವರೇ, ಹೆಂಗಸು ಯಾರು?"

"ಯಾವ ಹೆಂಗಸು?"

"ಕೆರೆಯಲ್ಲಿರೋರು."

"ಇನ್ನೂ ಗೊತ್ತಿಲ್ಲ," ಎಂದರು ಪುಲ್ಕಿನೆನ್. "ಮುಂದಿನ ಡಿಸ್ಕಲ್ಲಿ ತಿಳಿಯುತ್ತೆ."

ಆಗ ಎಲ್ಲವನ್ನೂ ಹೇಳಬೇಕಾಯಿತು. ಇರ್ಮೆಲಿ ನಿಂತೇ ಕೇಳಿದರು. ತುರ್ಕುವಿನ ಮಾತು ಎಂದೂ ಇರಲಿಲ್ಲ ಎಂಬಲ್ಲಿ ಮುಖ ಸ್ವಲ್ಪ ಬಾಡಿತು. ಆಮೇಲೆ ಒಳಗೆ ಹೆಜ್ಜೆಯಿಟ್ಟಾಗ ಅವರ ಕೈ ಒಲೆಯ ಕಲ್ಲುಗಳ ಮೇಲೆ ಹೋಯಿತು. ಕೊಲೆಯ ಸುದ್ದಿಗೂ ಬೆವರದ ಹೆಂಗಸು ಅಲ್ಲಿ ನಡುಗಿದರು.

"ಒಲೆ ತಣ್ಣಗಿದೆ."

"ಬಿಸಿಯಲ್ಲಿ ಕಂಪ್ಯೂಟರ್ ಕೆಡುತ್ತೆ ಅಂತ..."

"ಪಾಳಿಯಲ್ಲಿ ಒಲೆ ಆರಿಸಿದ್ರಾ? ಈ ಸಂಘಕ್ಕೆ ನಾನು ಅಧ್ಯಕ್ಷೆ ಆದಮೇಲೆ ಇಂಥದ್ದು ನಡೆದಿರಲಿಲ್ಲ." ಆಕೆ ಕಲ್ಲಿನಿಂದ ಕೈ ತೆಗೆದರು. "ಲೆಂಪಿ ಅವರಿಗೆ ಇನ್ನೂ ಎಷ್ಟು ಬಾಕಿ ಇದೆ?"

"ಎರಡು ಪೆಟ್ಟಿಗೆ."

"ಮುಗಿಸಿ. ಸಭೆಯಲ್ಲಿ ಯಾರಾದ್ರೂ ಕೇಳಿದ್ರೆ ಒಲೆ ರಿಪೇರಿ ಅಂತೀನಿ. ಅಂದ ಹಾಗೆ ಆ ವಿಧವೆಯ ಮಾತು ತೀರಾ ಕೆಟ್ಟದಾಗಿತ್ತು."

"ಗೊತ್ತು," ಎಂದರು ಪುಲ್ಕಿನೆನ್.

ಚಳಿಗೆ ಮೂಗು ಸೋರಿತು, ಗಂಟಲು ಕಟ್ಟಿತು, ಗಂಟಲು ಕಟ್ಟಿದ್ದರಿಂದ ಒಂದೆರಡು ಸಂಚಿಕೆಗಳಲ್ಲಿ ಹೂಮಾರುವ ಮುದುಕಿಯ ದನಿ ಸಹಜವಾಗಿಯೇ ಬಂತು. ಸ್ನಾನಕ್ಕೆ ಗಂಡಹೆಂಡಿರು ಕಲೇವಿಯ ಮನೆಗೆ ಹೋಗಿಬಂದರು. ಕೊನೆಗೆ ಒಂದು ಮಧ್ಯಾಹ್ನ ಪುಲ್ಕಿನೆನ್ ಅವರು ಪುಟ್ಟ ಯಂತ್ರವನ್ನು ಜೇಬಿನಲ್ಲಿಟ್ಟುಕೊಂಡು ಕೆಳಗಿಳಿದರು. ಕಲೇವಿ, ಮಾರ್ಕೆತ್ತಾ, ಇರ್ಮೆಲಿ ಮೊದಲೇ ಬಂದು ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ಈ ಸಲ ಕೇಕು ಇರಲಿಲ್ಲ. ಲೆಂಪಿಯಮ್ಮ ಮನೆಯಲ್ಲಿ ತೊಡುವ ಹಳೆಯ ಅಂಗಿಯಲ್ಲೇ ಇದ್ದರು. ಆಸೆ ಇಟ್ಟುಕೊಂಡಿಲ್ಲವೆಂದು ಅದರಿಂದಲೇ ತಿಳಿಯುತ್ತಿತ್ತು.

"ಕೊಡು," ಎಂದರು.

ಕಾರಿನ ಬಾಗಿಲು, ಮಳೆ, ಹೆಜ್ಜೆ. ದೂರದಲ್ಲಿ ಜರ್ಮನನೊಬ್ಬ ಏನೋ ಅಂದ. ಅವನ ಹಿಂದೆಯೇ, ಕಿವಿಯ ಹತ್ತಿರ, ಏರಿಳಿತವಿಲ್ಲದ ಒಂದು ದನಿ ಫಿನ್ನಿಶ್‌ನಲ್ಲಿ ಹೇಳಿತು: "ನಾನು ಕ್ರಾಮೆಲ್. ಒಳಗೆ ಬರಬಹುದಾ?"

ಕಲೇವಿ ಕೆಳತುಟಿ ಕಚ್ಚಿಕೊಂಡು ಮೇಲೆ ನೋಡಿದ. ಇರ್ಮೆಲಿ ಅವನ ಕಾಲು ತುಳಿದರು. ಲೆಂಪಿಯಮ್ಮ ಅಲುಗಲಿಲ್ಲ. ಕೊಲೆ ನಡೆಯಿತು, ವಿಧವೆ ಲೈಸೆನ್ಸ್ ತೋರಿಸಿ ಎನ್ನುವವಳಂತೆ ಗೋಳಾಡಿದಳು, ಕ್ರಾಮೆಲ್ ಸುಮ್ಮನೆ ಕೂತು ಕಾದರು, ಕೊಲೆಗಾರ ತಾನಾಗಿ ಒಪ್ಪಿಕೊಂಡ. ಲೆಂಪಿಯಮ್ಮನ ಕೈ ಮಡಿಲಿನಿಂದ ಎದ್ದು ಕುರ್ಚಿಯ ತೋಳಿನ ಮೇಲೆ, ಹಿಂದೆ ಇರುತ್ತಿದ್ದ ಜಾಗದಲ್ಲಿ, ಕೂತಿತು. ಸಂಚಿಕೆ ಮುಗಿದು ಸಂಗೀತ ನಿಂತಿತು. ಬಾಗಿಲ ಬಳಿ ನಿಂತಿದ್ದ ಅಳಿಯ ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದರು.

"ಕ್ರಾಮೆಲ್ಲೇ," ಎಂದರು ಲೆಂಪಿಯಮ್ಮ.

ಮಾರ್ಕೆತ್ತಾ ಮೂಗು ಒರೆಸಿಕೊಂಡರು.

"ಅದೇ ದನಿ. ಸ್ವಲ್ಪ ನೆಗಡಿ ಆಗಿದೆ ಪಾಪ. ಮಳೇಲಿ ಓಡಾಡಿದ್ರೆ ಇನ್ನೇನಾಗುತ್ತೆ." ಆಕೆ ಗುಂಡಿಯ ಮೇಲೆ ಬೆರಳಾಡಿಸಿ, ಮುಂದಿನ ಸಂಚಿಕೆ ಒತ್ತುವ ಮೊದಲು ತಡೆದರು. "ಒಂದೇ ಒಂದು ತೊಂದರೆ, ಅಳಿಯ."

"ಹೇಳಿ ಅತ್ತೆ."

"ಹಿಂದೆ ಯಾರೋ ಒಬ್ಬ ಜರ್ಮನ್ ಇದ್ದಾನೆ. ಕ್ರಾಮೆಲ್ ಬಾಯಿ ತೆಗೆಯೋ ಮುಂಚೆಯೇ ಬಾಯಿ ಹಾಕ್ತಾನೆ. ಅವನನ್ನ ತೆಗೆದು, ಕ್ರಾಮೆಲ್ ದನಿ ಮಾತ್ರ ಕೊಡೋಕಾಗುತ್ತಾ?"

ಗೋಡೆಯ ಬಳಿಯ ಮೂವರೂ ನೆಲ ನೋಡಿದರು.

"ಆಗುತ್ತೆ," ಎಂದರು ಇನ್ಸ್‌ಪೆಕ್ಟರ್ ಕ್ರಾಮೆಲ್.